ಬಾಲ್ಟಿಮೋರಿನ ಬಿಳಿ ಮೆಟ್ಟಿಲು, ಉಪ್ಪಳದ ಹುಣಸೆಹುಳಿ

ಕಿಟಕಿಯ ಹಂಸ

ಅಮೆರಿಕದಲ್ಲಿ ನನ್ನನ್ನು ಮೊದಲು ಬೈದದ್ದು ಒಂದು ಹಂಸ.

2009ರ ಜೂನ್ ತಿಂಗಳು. ಬಾಲ್ಟಿಮೋರ್ ಬಂದರಿಗೆ ಹತ್ತಿರದ ಒಂದು ಓಣಿಯಲ್ಲಿ ನನ್ನನ್ನೂ ನನ್ನ ಹೆಂಡತಿ ಲಿಲ್ಲಿಯನ್ನೂ ಇಳಿಸಿ ಟ್ಯಾಕ್ಸಿ ಹೊರಟುಹೋಗಿತ್ತು. ಲಿಲ್ಲಿಯ ತಂಗಿ ಜೆಸಿಂತಾ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬರುವಾಗ ತಡವಾಗುತ್ತದೆ, ಮನೆಯ ಮುಂದೆ ಕಾದಿರಿ ಎಂದು ಹೇಳಿದ್ದಳು. ಕಾಯುವುದಕ್ಕೆ ನಮ್ಮ ಅಭ್ಯಂತರ ಇರಲಿಲ್ಲ. ಯಾವ ಮನೆಯ ಮುಂದೆ ಎನ್ನುವುದೇ ತಿಳಿಯಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದಕ್ಕೊಂದು ಗೋಡೆ ತಾಗಿಸಿಕೊಂಡ ಇಟ್ಟಿಗೆಯ ಮನೆಗಳು. ಎಲ್ಲದಕ್ಕೂ ಅದೇ ಬಾಗಿಲು, ಅದೇ ಕಿಟಕಿ, ಬಾಗಿಲ ಮುಂದೆ ಅದೇ ಮೂರು ಬಿಳಿ ಅಮೃತಶಿಲೆಯ ಮೆಟ್ಟಿಲು. ಕಾಸರಗೋಡಿನ ಹತ್ತಿರದ ನಮ್ಮ ಉಪ್ಪಳದಲ್ಲಿ ಹೀಗಾಗುವುದಿಲ್ಲ. ಗಲ್ಫಿನಿಂದ ಬಂದ ಒಬ್ಬರು ಮನೆಗೆ ಹಸಿರು ಬಳಿದರೆ ಪಕ್ಕದವರು ಗುಲಾಬಿ ಬಳಿಯುತ್ತಾರೆ. ಒಬ್ಬರು ಎದುರಿಗೆ ಎರಡು ಕಂಬ ನಿಲ್ಲಿಸಿದರೆ ಇನ್ನೊಬ್ಬರು ನಾಲ್ಕು ನಿಲ್ಲಿಸುತ್ತಾರೆ. ಅಂಚೆಯವನಿಗೆ ಸುಖ.

ನಾನು ಅಂದಾಜಿನ ಮೇಲೆ ಒಂದು ಮನೆಯನ್ನು ಆರಿಸಿ ಮೇಲಿನ ಮೆಟ್ಟಿಲಲ್ಲಿ ಸೂಟ್‌ಕೇಸ್ ಇಟ್ಟೆ.

"ಆ ಪೆಟ್ಟಿಗೆ ಎಲ್ಲೆಲ್ಲಿ ಉರುಳಿ ಬಂದದ್ದೋ. ಕೆಳಗಿಳಿಸು, ಹನ್."

ಸುತ್ತ ನೋಡಿದೆ. ಯಾರೂ ಇಲ್ಲ. ಕಿಟಕಿಯ ತುಂಬ ಒಂದು ಚಿತ್ರ ಮಾತ್ರ: ಕೆಂಪು ಮಾಡಿನ ಪುಟ್ಟ ಮನೆ, ಮುಂದೊಂದು ಕೊಳ, ಕೊಳದಲ್ಲಿ ಎರಡು ಹಂಸ. ಧ್ವನಿ ಎಡಗಡೆಯ ಹಂಸದಿಂದ ಬಂದಂತಿತ್ತು. "ಮೆಟ್ಟಿಲು ಈಗಾಗಲೇ ಕೊಳೆಯಾಗಿದೆ. ನೀನು ಸಹಾಯ ಮಾಡುವುದು ಬೇಡ," ಎಂದು ಹಂಸ ಮತ್ತೆ ಹೇಳಿತು.

ಆ ಊರಿನ ಹಳೆಯ ಉಪಾಯವಂತೆ ಅದು. ಸೊಳ್ಳೆಪರದೆಯಂಥ ತಂತಿಬಲೆಯ ಮೇಲೆ ಹೊರಗಡೆಯಿಂದ ಚಿತ್ರ ಬರೆದು ಕಿಟಕಿಗೆ ಕೂರಿಸುತ್ತಾರೆ. ಒಳಗಿನವರಿಗೆ ಬೀದಿಯೆಲ್ಲ ಕಾಣುತ್ತದೆ. ಬೀದಿಯವರಿಗೆ ಕಾಣುವುದು ಹಂಸ. ಕಾಸರಗೋಡಿನ ಪತ್ರಿಕೆಯೊಂದರಲ್ಲಿ ವರದಿಗಾರನಾಗಿ ಆಮೇಲೆ ಡೆಸ್ಕಿನಲ್ಲಿ ಕೂತು ನಾನು ಬಯಸಿದ್ದು ಇಂಥದ್ದೇ ಒಂದು ಜಾಗವನ್ನು. ನಿವೃತ್ತನಾದ ಮೇಲೆ ಅದು ಕಣ್ಣಿಗೆ ಬಿತ್ತು, ಅದೂ ಬೇರೊಬ್ಬರ ಮನೆಯಲ್ಲಿ.

ಜೆಸಿಂತಾಳ ಮನೆ ಅದರ ಪಕ್ಕದ್ದು.

ಡಾಟಿ

ಹಂಸದ ಹಿಂದಿನ ಹೆಂಗಸಿನ ಹೆಸರು ಡಾಟಿ. ವಯಸ್ಸು ಎಂಬತ್ತು ದಾಟಿದೆ. ಹುಟ್ಟಿದ್ದು ಅದೇ ಮನೆಯ ಮೇಲಿನ ಕೋಣೆಯಲ್ಲಿ. ಎಲ್ಲರನ್ನೂ, ಅಂಚೆಯವನನ್ನೂ ಪಾದ್ರಿಯನ್ನೂ, ಹನ್ ಎಂದೇ ಕರೆಯುತ್ತಾರೆ. ಆ ಊರಿನವರ ಬಾಯಿಯಲ್ಲಿ ಅದು ನಮ್ಮ 'ಮಾರಾಯ'ನ ಕೆಲಸ ಮಾಡುತ್ತದೆ. ಪ್ರೀತಿಗೂ ಅದೇ, ಬೈಯಲೂ ಅದೇ. ಲಿಲ್ಲಿ ಎರಡನೆಯ ದಿನವೇ ಅವರನ್ನು 'ಡಾಟಿಬಾಯಿ' ಮಾಡಿಬಿಟ್ಟಳು. ನಮ್ಮ ಕೊಂಕಣಿ ಮನೆಗಳಲ್ಲಿ ಹಿರಿಯ ಹೆಂಗಸರಿಗೆ ಬಾಯಿ ಸೇರಿಸದೆ ಹೆಸರು ಪೂರ್ತಿಯಾಗುವುದಿಲ್ಲ.

ಪ್ರತಿ ಶನಿವಾರ ಮೊಣಕಾಲೂರಿ ಮೂರು ಮೆಟ್ಟಿಲನ್ನೂ ಬಿಳಿ ಪುಡಿ ಹಾಕಿ ಉಜ್ಜುವುದು ಆ ಓಣಿಯ ಹೆಂಗಸರ ಪದ್ಧತಿ. ನಮ್ಮಲ್ಲಿ ಬೆಳಿಗ್ಗೆ ಅಂಗಳ ಗುಡಿಸದ ಮನೆಯ ಬಗ್ಗೆ ಏನು ಮಾತಾಡುತ್ತಾರೋ, ಅಲ್ಲಿ ಮೆಟ್ಟಿಲು ಉಜ್ಜದ ಮನೆಯ ಬಗ್ಗೆ ಅದನ್ನೇ. ಡಾಟಿ ಹುಡುಗಿಯಾಗಿದ್ದಾಗಿನಿಂದ ಒಂದು ಶನಿವಾರವನ್ನೂ ಬಿಟ್ಟವರಲ್ಲ. ಆ ವಸಂತದಲ್ಲಿ ಮೊಣಕಾಲಿಗೆ ಆಪರೇಷನ್ ಆಯಿತು. ಮೊಣಕಾಲೂರಿ ಕೂರಬಾರದೆಂದು ಡಾಕ್ಟರು ಹೇಳಿದರು. ಆಮೇಲೆ ಡಾಟಿ ಮುಂಬಾಗಿಲಿನಿಂದ ಇಳಿಯುವುದನ್ನೇ ಬಿಟ್ಟರು. ಊರುಗೋಲು ಹಿಡಿದು ಹಿಂದಿನ ಓಣಿಯಿಂದ ಬರುತ್ತಿದ್ದರು, ತಮ್ಮ ಮೆಟ್ಟಿಲನ್ನು ತಾವೇ ನೋಡಬೇಕಾಗಬಾರದು ಎಂದು.

ಬರುವ ಶನಿವಾರ ಒಂದು ಸಂಗತಿ ಇತ್ತು. ವರ್ಷಕ್ಕೊಮ್ಮೆ ಓಣಿಯ ಸಮಿತಿಯವರು 'ಹಳೆಯ ಓಣಿಯ ನಡಿಗೆ' ಮಾಡುತ್ತಾರೆ. ಹೊರಗಿನ ಜನ ಗುಂಪಾಗಿ ಬಂದು, 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಇಲ್ಲಿನ ಜನ ಹೇಗೆ ಬದುಕಿದರು ಎಂದು ಕೇಳುತ್ತಾ ನಡೆಯುವುದು. ಒಂದು ಮನೆಯ ಮುಂದೆ ನಿಲ್ಲುತ್ತಾರೆ. ಮನೆಯವರು ಮೇಲಿನ ಮೆಟ್ಟಿಲಲ್ಲಿ ಕೂತು ಕತೆ ಹೇಳಬೇಕು. ಆ ಮನೆ ಯಾವಾಗಲೂ ಡಾಟಿಯದ್ದೇ. ಈ ಸಲ ಸಮಿತಿಯ ಹೆಂಗಸು ಬಂದು ಮೆಟ್ಟಿಲು ನೋಡಿ, ನೀವು ವಿಶ್ರಾಂತಿ ತಗೊಳ್ಳಿ, ಈ ಬಾರಿ ಎದುರು ಮನೆಯ ಫ್ರ್ಯಾಂಕ್ ಹೇಳಲಿ ಎಂದು ನಯವಾಗಿ ಸೂಚಿಸಿದ್ದರು. ಡಾಟಿ ಬಹಳ ಒತ್ತಾಯಿಸಿದ ಮೇಲೆ ಶುಕ್ರವಾರ ಸಂಜೆಯವರೆಗೆ ಸಮಯ ಕೊಟ್ಟರು. ಮೆಟ್ಟಿಲು ಬಿಳಿಯಾದರೆ ಡಾಟಿ, ಇಲ್ಲದಿದ್ದರೆ ಫ್ರ್ಯಾಂಕ್.

ಫ್ರ್ಯಾಂಕ್ ಒಳ್ಳೆಯ ಮನುಷ್ಯ. ಕಾರು ತೊಳೆಯುವ ಯಂತ್ರದಿಂದ ತನ್ನ ಮೆಟ್ಟಿಲಿಗೆ ನೀರು ಹಾರಿಸಿ ಕಾಲು ಗಂಟೆಯಲ್ಲಿ ಬೆಳ್ಳಗೆ ಮಾಡಿಕೊಂಡಿದ್ದ. ನಿನ್ನದನ್ನೂ ಮಾಡಿಕೊಡುತ್ತೇನೆ ಎಂದು ಡಾಟಿಗೆ ಹೇಳಿದ್ದನಂತೆ. ಡಾಟಿ ಒಂದು ದಿನ ಅವನ ಹತ್ತಿರ ಮಾತು ಬಿಟ್ಟರಂತೆ.

"ಅವನು ಹುಟ್ಟಿದ್ದು ಯುದ್ಧ ಮುಗಿದ ಮೇಲೆ," ಎಂದರು ನನಗೆ. "ಬಾಳೆಹಣ್ಣಿನ ಹಡಗು ಮುಳುಗಿತು, ಓಣಿಯವರೆಲ್ಲ ತಿಂಗಳಿಡೀ ಬಾಳೆಹಣ್ಣು ತಿಂದರು ಎಂದು ಹೇಳುತ್ತಾನೆ. ಬಾಳೆಹಣ್ಣಿನ ಹಡಗು ಮುಳುಗಲೇ ಇಲ್ಲ. ನಾನು ಇಲ್ಲೇ ಇದ್ದೆ. ಈ ಓಣಿಯಲ್ಲಿ ಆಗ ಇದ್ದವಳು ಈಗ ನಾನೊಬ್ಬಳೇ."

ಕೇಳಿಬಂದ ಸುದ್ದಿಗೂ ಕಣ್ಣಾರೆ ಕಂಡ ಸಾಕ್ಷಿಗೂ ಇರುವ ವ್ಯತ್ಯಾಸವನ್ನು ನಾನು ಹೊಸ ವರದಿಗಾರರಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವನು. ಆ ಕ್ಷಣದಿಂದ ನಾನು ಡಾಟಿಯ ಪಕ್ಷ.

ಕೆಟ್ಟ ವರ್ಷಗಳು

ಡಾಟಿ ಆ ಕಾಲಕ್ಕೆ ಇಟ್ಟ ಹೆಸರು ಇಷ್ಟೆ: ಕೆಟ್ಟ ವರ್ಷಗಳು. ನಾವು ಹೋದಾಗಲೂ ಅಲ್ಲಿ ಬ್ಯಾಂಕುಗಳು ಬಿದ್ದ ಸುದ್ದಿಯೇ. ಓಣಿಯ ಕೊನೆಯಲ್ಲಿ, ಸಾಲ ಕಟ್ಟಲಾಗದೆ ಜನ ಬಿಟ್ಟುಹೋದ ಎರಡು ಮನೆಗಳ ಕಿಟಕಿಗೆ ಹಲಗೆ ಹೊಡೆದಿದ್ದರು. ಹಾಗಾಗಿ ಹಳೆಯ ಕತೆ ಕೇಳುವವರ ಸಂಖ್ಯೆ ಈಗ ಜಾಸ್ತಿಯಾಗಿದೆ ಎಂದು ಡಾಟಿ ಹೇಳಿದರು, ಸ್ವಲ್ಪ ತೃಪ್ತಿಯಿಂದಲೇ.

ಅವರ ಅಡುಗೆಕೋಣೆಯಲ್ಲಿ ಮೇಜಿನ ಮೇಲೆ ಪತ್ರಿಕೆ ಹಾಸಿ, ಅದರ ಮೇಲೆ ಬೇಯಿಸಿದ ಏಡಿ ಸುರಿದು, ಮರದ ಸುತ್ತಿಗೆಯಿಂದ ಕುಟ್ಟಿ ತಿನ್ನುತ್ತಾ ನಾವು ಇದನ್ನೆಲ್ಲ ಕೇಳಿದೆವು. ನಾನು ತಿದ್ದಿದ ಸುದ್ದಿಗಳ ಮೇಲೆ ಉಪ್ಪಳದಲ್ಲಿ ಬಂಗುಡೆ ಕಟ್ಟಿಕೊಟ್ಟದ್ದನ್ನು ಕಂಡವನಾದ್ದರಿಂದ ಪತ್ರಿಕೆಯ ಈ ಉಪಯೋಗ ನನಗೆ ಹೊಸತಲ್ಲ. ಏಡಿ ಆಗ ಬಡವರ ಊಟವಂತೆ. ಮಕ್ಕಳು ಕೋಳಿಯ ಕುತ್ತಿಗೆಯನ್ನು ದಾರಕ್ಕೆ ಕಟ್ಟಿ ಹಡಗುಕಟ್ಟೆಯಿಂದ ಇಳಿಬಿಟ್ಟು ಹಿಡಿಯುತ್ತಿದ್ದರು. ಐಸ್ ಮಾರುವವನು ಕುದುರೆಗಾಡಿಯಲ್ಲಿ ಬರುತ್ತಿದ್ದ. ಎಷ್ಟು ಐಸ್ ಬೇಕೆಂದು ತಿಳಿಸುವ ಒಂದು ರಟ್ಟು ಪ್ರತಿ ಕಿಟಕಿಯಲ್ಲೂ ನಿಂತಿರುತ್ತಿತ್ತು. ಐಸ್ ಕೊಳ್ಳಲಾಗದ ವಾರದಲ್ಲೂ ಡಾಟಿಯ ತಾಯಿ ರಟ್ಟನ್ನು ತೆಗೆಯುತ್ತಿರಲಿಲ್ಲ. ಐಸಿನವನಿಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದರು. ಅವನು ಗಾಡಿ ನಿಲ್ಲಿಸಿ, ಖಾಲಿ ಗೋಣಿ ಹೆಗಲಿಗೇರಿಸಿ, ಒಳಗೆ ಬಂದು ನೀರು ಕುಡಿದು ಹೋಗುತ್ತಿದ್ದ. ಅವನು ಎಷ್ಟು ಮನೆಗಳಲ್ಲಿ ಹಾಗೆ ನೀರು ಕುಡಿಯುತ್ತಿದ್ದನೋ.

ತಂದೆಗೆ ಹಡಗುಕಟ್ಟೆಯಲ್ಲಿ ಸಾಮಾನು ಇಳಿಸುವ ಕೆಲಸ. ಬೆಳಿಗ್ಗೆ ಗಂಡಸರು ಗೇಟಿನ ಎದುರು ಅರ್ಧ ವೃತ್ತವಾಗಿ ನಿಲ್ಲಬೇಕು. ಮೇಸ್ತ್ರಿ ಬಂದು ಬೆರಳು ತೋರಿಸಿದವರಿಗೆ ಆ ದಿನ ಕೆಲಸ, ಉಳಿದವರು ಮನೆಗೆ. ಆದರೆ ಉಳಿದವರು ಮನೆಗೆ ಹೋಗುತ್ತಿರಲಿಲ್ಲ. ಬೇಗ ಮರಳಿದರೆ ಓಣಿಗೆ ಗೊತ್ತಾಗುತ್ತದಲ್ಲ. ಸಂಜೆಯವರೆಗೆ ನೀರು ನೋಡುತ್ತಾ ಕೂತಿರುತ್ತಿದ್ದರು.

"ಅಪ್ಪ ಬರುವಾಗ ದಾರಿಯಲ್ಲಿ ಕಲ್ಲಿದ್ದಲ ರಾಶಿಗೆ ತೋಳು ಒರೆಸಿಕೊಂಡು ಬರುತ್ತಿದ್ದ," ಎಂದರು ಡಾಟಿ ಏಡಿಯ ಕಾಲು ಮುರಿಯುತ್ತಾ. "ಅಮ್ಮ ಆ ಅಂಗಿಯನ್ನು ಒಗೆಯುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಶನಿವಾರ ಮೆಟ್ಟಿಲು ಉಜ್ಜುತ್ತಿದ್ದಳು."

ಲಿಲ್ಲಿ ಸುತ್ತಿಗೆ ಕೆಳಗಿಟ್ಟಳು. ಮೆಟ್ಟಿಲನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು.

ಗುರುವಾರ

ಇಲ್ಲಿಂದ ಮುಂದಿನದ್ದಕ್ಕೆ ನಾನು ಹೊಣೆಯಲ್ಲ. ಗುರುವಾರ ನಾನು ಬಂದರಿನಲ್ಲಿ ಹಳೆಯ ಹಡಗು ನೋಡಲು ಹೋಗಿದ್ದೆ.

ಡಾಟಿ ಕೊಟ್ಟ ಬಿಳಿ ಪುಡಿಯಿಂದ ಲಿಲ್ಲಿ ಬೆಳಗಿನಿಂದ ಉಜ್ಜಿದಳಂತೆ. ವಸಂತದಿಂದ ಕೂತ ಮಸಿ ಅರ್ಧ ಹೋಯಿತು, ಅರ್ಧ ಹೋಗಲಿಲ್ಲ. ಆ ಪುಡಿಯ ಬಗ್ಗೆ ಅವಳಿಗೆ ಮೊದಲಿನಿಂದಲೂ ಗೌರವ ಇರಲಿಲ್ಲ. ನಮ್ಮ ಕಡೆ ಬಚ್ಚಲಿನ ತಾಮ್ರದ ಹಂಡೆಯಾಗಲಿ, ದೇವರ ಮುಂದಿನ ಹಿತ್ತಾಳೆಯ ಮೇಣದಬತ್ತಿ ಕಂಬವಾಗಲಿ, ಹಬ್ಬದ ಮುಂಚೆ ಯಾವುದರಿಂದ ಹೊಳೆಯುತ್ತದೆ? ಹುಣಸೆಹುಳಿಯಿಂದ. ಮೀನುಸಾರಿಗೆಂದು ಲಿಲ್ಲಿ ಊರಿನಿಂದ ತಂಗಿಗೆ ಹೊತ್ತು ತಂದ ಹುಳಿ ಅಡುಗೆಕೋಣೆಯಲ್ಲಿ ಉಂಡೆಯಾಗಿ ಇತ್ತು. ಅದನ್ನು ನೆನೆಸಿ, ಕಿವುಚಿ, ಉಪ್ಪು ಬೆರೆಸಿ, ಮೂರು ಮೆಟ್ಟಿಲಿಗೂ ದಪ್ಪಗೆ ಹಚ್ಚಿ, ಚೆನ್ನಾಗಿ ಹಿಡಿಯಲಿ ಎಂದು ಬೆಳಗಿನವರೆಗೆ ಹಾಗೆಯೇ ಬಿಟ್ಟಳು. ಕೆಳಗಿನ ಮೆಟ್ಟಿಲಿಗೆ ಉಳಿದದ್ದನ್ನೆಲ್ಲ ಸುರಿದಳು. ಡಾಟಿಬಾಯಿಗೆ ಬೆಳಿಗ್ಗೆ ಆಶ್ಚರ್ಯವಾಗಲಿ ಎಂದು ಯಾರಿಗೂ ಹೇಳಲಿಲ್ಲ.

ಆಶ್ಚರ್ಯ ಆಯಿತು. ಹುಳಿ ಹಂಡೆಗೆ ಅಮೃತ, ಅಮೃತಶಿಲೆಗೆ ವಿಷ. ಬೆಳಿಗ್ಗೆ ತೊಳೆದು ನೋಡಿದರೆ ಕಲ್ಲಿನ ನುಣುಪು ತಿಂದುಹೋಗಿ, ಮೆಟ್ಟಿಲು ಮೂರೂ ನಮ್ಮ ಹಳೆಯ ಬಚ್ಚಲುಕಲ್ಲಿನ ಬಣ್ಣಕ್ಕೆ ತಿರುಗಿದ್ದವು. ಕೆಳಗಿನದರ ನಡುವೆ ತಟ್ಟೆಯಷ್ಟಗಲದ ಕಂದು ಕಲೆ.

ಜೆಸಿಂತಾ ಆಸ್ಪತ್ರೆಯಿಂದ ಆಗಷ್ಟೇ ಬಂದು ನಿಂತಿದ್ದಳು. "ಅಕ್ಕಾ, ಇದು ಕಲ್ಲು. ಹಂಡೆ ಅಲ್ಲ."

"ಹಂಡೆ ಹೊಳೀತದಲ್ಲ?" ಎಂದಳು ಲಿಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ನೀವು ಸುಮ್ಮನೆ ನಿಂತದ್ದು ಎಂತಕ್ಕೆ ಮಾರಾಯ್ರೆ? ಪೇಪರಿನಲ್ಲಿ ಇಷ್ಟು ವರ್ಷ ಎಲ್ಲ ಬರೆದಿರಿ, ಇದೊಂದು ಬರೆಯಲಿಕ್ಕೆ ಆಗಲಿಲ್ಲವಾ?" ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು. ನಾನು ಅವಳನ್ನು ಆಗಲೇ ಒಂದು ಸುತ್ತು ಬೈದಾಗಿತ್ತು.

ಶುಕ್ರವಾರ

ಊರುಗೋಲಿನ ಸದ್ದು ಹಿಂದಿನ ಓಣಿಯಿಂದ ಸುತ್ತಿ ಬಂತು. ಡಾಟಿ ನಿಂತು ನೋಡಿದರು. ಬಾಗಲಾಗದ್ದರಿಂದ ಪಕ್ಕದಲ್ಲಿದ್ದ ಬಟ್ಟಲನ್ನು ನನ್ನಿಂದ ಎತ್ತಿಸಿ, ಅದರ ತಳಕ್ಕೆ ಅಂಟಿದ ಹುಳಿಗೆ ಬೆರಳು ಅದ್ದಿದರು. ಬೆರಳು ಬಾಯಿಗಿಟ್ಟುಕೊಂಡರು. ಮುಖ ಕಿವುಚಿದರು. ಮತ್ತೊಮ್ಮೆ ಅದ್ದಿದರು.

"ರುಚಿಯಾಗಿದೆ," ಎಂದರು.

ಲಿಲ್ಲಿ ಕ್ಷಮೆ ಕೇಳಲು ಹೊರಟಳು. ಇಂಗ್ಲಿಷು ಅರ್ಧದಲ್ಲಿ ಕೈಕೊಟ್ಟಿತು. ಡಾಟಿ ಅವಳ ಭುಜದ ಮೇಲೆ ಕೈಯಿಟ್ಟು ಒಂದು ಕತೆ ಹೇಳಿದರು. ಒಂದು ಕೆಟ್ಟ ವರ್ಷ ಪುಡಿ ಕೊಳ್ಳಲು ಆಗದೆ ಅವರ ತಾಯಿ ಏಡಿ ಬೇಯಿಸುವ ವಿನೆಗರಿನಿಂದ ಮೆಟ್ಟಿಲು ತೊಳೆದರಂತೆ. ಹೀಗೆಯೇ ಆಯಿತಂತೆ. ಆಗ ತಂದೆ ಕಟ್ಟೆಯಿಂದ ಹಡಗಿನ ಡೆಕ್ಕು ತಿಕ್ಕುವ ಕಲ್ಲು ತಂದರಂತೆ. ಕೆಲಸವಿಲ್ಲದ ಗಂಡಸರೆಲ್ಲ ಸರದಿಯಲ್ಲಿ ಮೊಣಕಾಲೂರಿ ತಿಕ್ಕಿದರಂತೆ. ಹೆಂಗಸರ ಕೆಲಸವನ್ನು ಗಂಡಸರು ಮಾಡುವುದನ್ನು ನೋಡಲು ಪಕ್ಕದ ಓಣಿಯವರು ಬಂದರಂತೆ.

ಯಾವ ವರ್ಷ ಎಂದು ನಾನು ಕೇಳಿದೆ. ಅಭ್ಯಾಸ.

"ಕೆಟ್ಟ ವರ್ಷ," ಎಂದರು ಡಾಟಿ. ಊರುಗೋಲಿನ ತುದಿಯನ್ನು ನನ್ನತ್ತ ಎತ್ತಿ ಲಿಲ್ಲಿಯನ್ನು ಕೇಳಿದರು: "ಇವನಿಗೆ ಈಗ ಕೆಲಸ ಇದೆಯಾ?"

"ಇಲ್ಲ," ಎಂದಳು ಲಿಲ್ಲಿ ತಡಮಾಡದೆ. "ರಿಟೈರ್ಡ್."

ಮೇಸ್ತ್ರಿ ನನ್ನನ್ನು ಆರಿಸಿಯಾಗಿತ್ತು.

ಆ ಕಲ್ಲು ಡಾಟಿಯ ನೆಲಮಾಳಿಗೆಯಲ್ಲಿ ನಿಜವಾಗಿಯೂ ಇತ್ತು, ಇಟ್ಟಿಗೆಯಷ್ಟು ದೊಡ್ಡದು, ಒಂದು ಬದಿ ಸವೆದು ನಯವಾದದ್ದು. ನೀರು ಹಾಕುತ್ತಾ ವೃತ್ತವಾಗಿ ತಿಕ್ಕಬೇಕು. ಒಂದು ಗಂಟೆಯಲ್ಲಿ ಪ್ಯಾಂಟಿನ ಮೊಣಕಾಲು ಹರಿಯಿತು. ಪ್ರವಾಸಕ್ಕೆಂದೇ ಹೊಲಿಸಿದ ಪ್ಯಾಂಟು. ನಾನು ಒಳಗೆ ಹೋಗಿ ಲುಂಗಿ ಉಟ್ಟು, ಎತ್ತಿ ಕಟ್ಟಿ ಬಂದೆ. ಆ ಓಣಿಯ ಚರಿತ್ರೆಯಲ್ಲಿ ಕೆಂಪು ಚೌಕಳಿಯ ಲುಂಗಿ ಬಹುಶಃ ಮೊದಲನೆಯದು.

ಫ್ರ್ಯಾಂಕ್ ಎದುರಿನ ಮೆಟ್ಟಿಲಲ್ಲಿ ಕುರ್ಚಿ ಹಾಕಿ ಕೂತು ನನ್ನನ್ನೇ ನೋಡುತ್ತಿದ್ದ. ನಮ್ಮ ಕೇರಳದಲ್ಲಿ ಬೇರೆಯವರು ಲೋಡು ಇಳಿಸುವುದನ್ನು ನೋಡುತ್ತಾ ನಿಂತದ್ದಕ್ಕೇ ಕೂಲಿ ಕೇಳುವ ಒಂದು ರೂಢಿ ಉಂಟು, ಅದಕ್ಕೆ 'ನೋಕ್ಕುಕೂಲಿ' ಎಂದು ಹೆಸರು, ನೀನು ಅಲ್ಲಿ ಚೆನ್ನಾಗಿ ಬದುಕುತ್ತಿದ್ದೆ ಎಂದು ನಾನು ಅವನಿಗೆ ಹೇಳಿದೆ. ಅವನು ಬಹಳ ಗಂಭೀರವಾಗಿ ಕೇಳಿಕೊಂಡು, ಆ ಯೂನಿಯನ್‌ಗೆ ಸೇರುವುದು ಹೇಗೆ ಎಂದು ವಿಚಾರಿಸಿದ. ಮಧ್ಯಾಹ್ನದ ಮೇಲೆ ತಾನೇ ಬಂದು ನೀರು ಹೊಯ್ಯತೊಡಗಿದ. ಡಾಟಿ ಹಂಸದ ಹಿಂದಿನಿಂದ ನೋಡುತ್ತಿದ್ದಿರಬೇಕು, ತಡೆಯಲಿಲ್ಲ.

ಸಂಜೆಗೆ ಮೇಲಿನ ಎರಡು ಮೆಟ್ಟಿಲು ಅಕ್ಕಿಹಿಟ್ಟಿನಷ್ಟು ಬಿಳಿ. ಕೆಳಗಿನದೂ ಬಿಳಿಯೇ, ನಡುವಿನ ಕಂದು ಕಲೆಯೊಂದನ್ನು ಬಿಟ್ಟು. ಸಮಿತಿಯ ಹೆಂಗಸು ಬಂದರು. ನನ್ನ ಲುಂಗಿ ನೋಡಿದರು, ಕಲೆ ನೋಡಿದರು. ನಾಳೆ ಫ್ರ್ಯಾಂಕನ ಮನೆಯ ಮುಂದೆಯೇ ನಿಲ್ಲುವುದೆಂದು ಮೆಲ್ಲಗೆ ಹೇಳಿ ಹೋದರು.

ಡಾಟಿ ಅಂದು ಸಂಜೆ ಬಾಗಿಲು ತೆರೆಯಲಿಲ್ಲ. ಲಿಲ್ಲಿ ಕೊಂಡುಹೋದ ಊಟ ಹಿಂದಿನ ಮೆಟ್ಟಿಲಲ್ಲೇ ಉಳಿಯಿತು.

ಶನಿವಾರ

ಬೆಳಿಗ್ಗೆ ನಾನು ಮತ್ತೆ ಕಲ್ಲು ಹಿಡಿದು ಕೂತೆ. ಕಲೆ ಹೋಗುವುದಿಲ್ಲವೆಂದು ಗೊತ್ತಿತ್ತು. ಕೂರದಿದ್ದರೆ ಲಿಲ್ಲಿ ಕೂರುತ್ತಿದ್ದಳು.

ಗುಂಪು ಓಣಿಯ ತುದಿಯಿಂದ ಬಂತು. ಮುಂದೆ ಸಮಿತಿಯ ಹೆಂಗಸು. ಎದುರು ಮೆಟ್ಟಿಲಲ್ಲಿ ಫ್ರ್ಯಾಂಕ್ ಹಳೆಯ ಕಾಲದ ಟೊಪ್ಪಿ ಹಾಕಿ ಸಿದ್ಧನಾಗಿದ್ದ. ಎಲ್ಲರೂ ಅವನ ಕಡೆ ತಿರುಗಬೇಕು, ಅಷ್ಟರಲ್ಲಿ ಒಬ್ಬಳು ನನ್ನನ್ನು ಕಂಡಳು. ಮಂಡಿಯೂರಿ, ಲುಂಗಿ ಉಟ್ಟು, ಕಲ್ಲಿನಿಂದ ಮೆಟ್ಟಿಲು ತಿಕ್ಕುತ್ತಿರುವ ಮನುಷ್ಯ. ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಕ್ಯಾಮೆರಾ ತೆಗೆದಳು. ಅವಳ ಹಿಂದೆ ಇನ್ನೊಬ್ಬ. ನೋಡುತ್ತಿದ್ದಂತೆ ಇಡೀ ಗುಂಪು ನನ್ನ ಸುತ್ತ ನಿಂತಿತ್ತು. ಆಯುಷ್ಯವಿಡೀ ಬೇರೆಯವರ ಫೋಟೊಗಳಿಗೆ ಅಡಿಬರಹ ಬರೆದವನು ಅಂದು ಫೋಟೊದ ಒಳಗೆ ಕೂತಿದ್ದೆ. ಅಡಿಬರಹ ಏನೆಂದು ಗೊತ್ತಿರಲಿಲ್ಲ.

ಆಗ ನನ್ನ ತಲೆಯ ಮೇಲೆ ಬಾಗಿಲು ತೆರೆಯಿತು. ವಸಂತದಿಂದ ತೆರೆಯದ ಮುಂಬಾಗಿಲು. ಡಾಟಿ ಒಳ್ಳೆಯ ಉಡುಪು ಹಾಕಿದ್ದರು. ಜೆಸಿಂತಾ ಹಿಡಿದುಕೊಂಡಳು; ನಿಧಾನವಾಗಿ ಮೇಲಿನ ಮೆಟ್ಟಿಲಲ್ಲಿ ಕೂತರು. ಸಮಿತಿಯ ಹೆಂಗಸು ಜನರನ್ನು ನೋಡಿ ಪಕ್ಕಕ್ಕೆ ಸರಿದರು.

ಡಾಟಿ ಐಸಿನವನ ಕತೆ ಹೇಳಿದರು. ಜನ ನಕ್ಕರು. ಅಪ್ಪನ ತೋಳಿನ ಕಲ್ಲಿದ್ದಲಿನ ಮಸಿಯನ್ನು ಹೇಳಿದರು. ನಮ್ಮೆದುರು ಏಡಿ ಮುರಿಯುತ್ತಾ ಹೇಳಿದ ಅದೇ ಮಾತು, ಒಂದು ಅಕ್ಷರ ಹೆಚ್ಚಿಲ್ಲ. ಆಗ ಯಾರೂ ಫೋಟೊ ತೆಗೆಯಲಿಲ್ಲ. ಫ್ರ್ಯಾಂಕ್ ಎದುರು ಮೆಟ್ಟಿಲಿನಿಂದ ಇಳಿದು ಬಂದು ಗುಂಪಿನ ಹಿಂದೆ ನಿಂತಿದ್ದ, ಟೊಪ್ಪಿ ಕೈಯಲ್ಲಿ.

ಕೊನೆಗೆ ಒಬ್ಬ ಮುದುಕರು ಕೆಳಗಿನ ಮೆಟ್ಟಿಲಿನತ್ತ ಬಾಗಿ, ಈ ಕಂದು ಕಲೆ ಏನು ಎಂದು ಕೇಳಿದರು. ಲಿಲ್ಲಿ ಜೆಸಿಂತಾಳ ಬೆನ್ನ ಹಿಂದೆ ಸರಿದಳು.

ಡಾಟಿ ಒಮ್ಮೆ ಅವಳ ಕಡೆ ನೋಡಿದರು.

"ಅದು ಆ ವರ್ಷದ್ದು," ಎಂದರು. "ಪುಡಿ ಇರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಇದ್ದದ್ದರಿಂದ ತೊಳೆದಳು. ಓಣಿಯ ಗಂಡಸರೆಲ್ಲ ತಿಕ್ಕಿದರು. ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ."

ಜನ ಒಬ್ಬೊಬ್ಬರಾಗಿ ಬಾಗಿ ನೋಡಿದರು. ಒಬ್ಬಳು ಬೆರಳಿನಿಂದ ಮೃದುವಾಗಿ ಮುಟ್ಟಿದಳು. ಗುರುವಾರದ ಹುಣಸೆಹುಳಿ ಶನಿವಾರ ಬೆಳಿಗ್ಗೆಯ ಹೊತ್ತಿಗೆ ಎಪ್ಪತ್ತು ವರ್ಷ ಹಳೆಯದಾಗಿತ್ತು. ನನ್ನ ಬಗ್ಗೆ ಕೇಳಿದವರಿಗೆ, ಇವನ ಅಜ್ಜ ಆ ಕಾಲದಲ್ಲಿ ಹಡಗಿನಲ್ಲಿ ಬಂದು ಇದೇ ಕಟ್ಟೆಯಲ್ಲಿ ಕೆಲಸ ಮಾಡಿದವನು ಎಂದು ಡಾಟಿ ಹೇಳಿದರು. ನನ್ನ ಅಜ್ಜ ಕುಂಬಳೆಯ ಹೊಳೆ ದಾಟಿದ್ದೇ ಅಪರೂಪ. ಕಲೆಯ ಬಗ್ಗೆ ಕೇಳಿದ ಮುದುಕರು ಚೀಲದಿಂದ ಅರ್ಧ ಸ್ಯಾಂಡ್‌ವಿಚ್ ತೆಗೆದು ನನ್ನ ಕೈಯಲ್ಲಿಟ್ಟು ತಲೆಯಾಡಿಸಿ ಹೋದರು.

ಗುಂಪಿನ ಹಿಂದಿನಿಂದ ಫ್ರ್ಯಾಂಕನ ಧ್ವನಿ ಬಂತು. "ಡಾಟಿ, ನನ್ನ ಬಾಳೆಹಣ್ಣಿನ ಹಡಗು ಮಾತ್ರ ಮುಳುಗಬಾರದಾ?"

ಡಾಟಿ ಕೇಳಿಸಲಿಲ್ಲ ಎಂಬಂತೆ ಉಡುಪಿನ ಮಡಿಕೆ ಸರಿಮಾಡಿಕೊಂಡರು.

ಪರಿಶೀಲಿಸದ ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವನಲ್ಲ ನಾನು. ಅಂದು ಸ್ಯಾಂಡ್‌ವಿಚ್ ತಿಂದೆ.

ಉಪ್ಪಳ

ಮರುವರ್ಷ ಜೂನ್ ತಿಂಗಳ ಒಂದು ಭಾನುವಾರ ಜೆಸಿಂತಾ ಫೋನ್ ಮಾಡಿದಳು. ನಡಿಗೆ ಈ ಸಲವೂ ಡಾಟಿಯ ಮನೆಯ ಮುಂದೆಯೇ ನಿಂತಿತು. ಮೆಟ್ಟಿಲು ಉಜ್ಜಿದ್ದು ಫ್ರ್ಯಾಂಕ್, ಕೈಯಲ್ಲೇ, ಮಂಡಿಯೂರಿ. ಜನ ಈಗ ಕಲೆ ಎಲ್ಲಿ ಎಂದೇ ಮೊದಲು ಕೇಳುತ್ತಾರಂತೆ. ಅದನ್ನು ಸವೆಸಬಾರದೆಂದು ಸಮಿತಿಯವರು ಫ್ರ್ಯಾಂಕನಿಗೆ ತಾಕೀತು ಮಾಡಿದ್ದಾರಂತೆ.

ಲಿಲ್ಲಿ ಆಗ ಹಿತ್ತಿಲಲ್ಲಿ ಹುಣಸೆಹುಳಿ ಹಚ್ಚಿ ಹಿತ್ತಾಳೆಯ ಕಂಬ ತಿಕ್ಕುತ್ತಿದ್ದಳು. ನಾನು ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಮತ್ತೆ ಆವತ್ತು ಬೆಳಿಗ್ಗೆ ನೀವು ನನಗೆ ಬೈದದ್ದು ಎಂತಕ್ಕೆ?" ಎಂದು ಕೇಳಿದಳು.